ಫ್ಲಾರೆನ್ಸಿನಲ್ಲಿ ಬಿದ್ದ ಕೂದಲು

"ಟೊಪ್ಪಿ ತೆಗೀಬೇಡ ಅವಂದು," ಎಂದ ವಿಕಾಸ, ಕಾರು ತಾಯಿಯ ಊರಾದ ಭಾವಿಕೇರಿಯ ತಿರುವಿಗೆ ಬರುತ್ತಲೇ. "ನಾಳೆ ಹೆಂಗೂ ಬೋಳ್ಸೂದೇ. ಆಯಿಗೆ ಎಲ್ಲಿ ಗೊತ್ತಾಗ್ತದೆ?"

ವಿಜೇತಾ ಮಗನ ಟೊಪ್ಪಿ ಸರಿಮಾಡಿದಳು. ಎರಡೂವರೆ ವರ್ಷದ ಪ್ರಥಮ ಅವಳ ತೊಡೆಯ ಮೇಲೆ ಬಾಯಿ ತೆರೆದು ಮಲಗಿದ್ದ. ರೋಮಿನಿಂದ ಮುಂಬಯಿ, ಅಲ್ಲಿಂದ ಗೋವಾ, ಕಾಳಿ ಸೇತುವೆ ದಾಟಿ ಹಬ್ಬುವಾಡದ ತಮ್ಮ ಮನೆ. ಚೀಲ ಇಳಿಸಿ ಮುಖ ತೊಳೆದು ಮತ್ತೆ ಕಾರು. ಇಟಲಿಯ ಪುರಾತನ ಊರುಗಳ ಕಲ್ಲುಹಾಸಿನ ಬೀದಿಯಲ್ಲಿ ತಳ್ಳುಗಾಡಿಯ ಚಕ್ರ ಎರಡನೇ ದಿನವೇ ಮುರಿದಿತ್ತು. ಆಮೇಲೆ ಮಗು ಕಂಡದ್ದೆಲ್ಲ ಅವಳ ಹೆಗಲ ಮೇಲಿಂದ. ಅವಳು ಕಂಡದ್ದು ಹೆಚ್ಚಾಗಿ ಕುಡಿಯುವ ನೀರಿನ ನಳ, ನೆರಳು, ಶೌಚಾಲಯದ ಬೋರ್ಡು.

ಕಾರವಾರದ ಕಾಲೇಜಿನಲ್ಲಿ ಒಂಬತ್ತು ವರ್ಷದಿಂದ ಭೌತಶಾಸ್ತ್ರ ಕಲಿಸುತ್ತಿದ್ದ ಅವಳು ಅಷ್ಟು ದೂರ ಹೋದದ್ದು ಗೆಲಿಲಿಯೋನ ದೂರದರ್ಶಕ ನೋಡಲು. ಫ್ಲಾರೆನ್ಸಿನಲ್ಲಿ, ಸಂಗ್ರಹಾಲಯದ ಬಾಗಿಲು ಹದಿನೈದು ಹೆಜ್ಜೆ ಇರುವಾಗ ಪ್ರಥಮ ಕಿರುಚಿಕೊಂಡ. ಬೆಂಚಿಗೆ ಯಾರೋ ಮೆತ್ತಿದ್ದ ಚೂಯಿಂಗ್ ಗಮ್ ಅವನ ಕತ್ತಿನ ಹಿಂದಿನ ಕೂದಲಿಗೆ ಅಂಟಿತ್ತು. ನೀರು ಹಾಕಿದಳು, ಬಾಚಿದಳು. ಗಂಟು ಬಿಗಿಯಿತು, ಕೂಗು ಏರಿತು. ಕೊನೆಗೆ ಔಷಧಿ ಡಬ್ಬಿಯ ಪುಟ್ಟ ಕತ್ತರಿ ತೆಗೆದಳು. ಅಷ್ಟರಲ್ಲಿ ಬಾಗಿಲು ಮುಚ್ಚುವ ಹೊತ್ತಾಗಿತ್ತು.

ಹುಟ್ಟುಗೂದಲು ಅದು. ಮಗು ಏಳೇ ತಿಂಗಳಿಗೆ ಹುಟ್ಟಿ ಮಣಿಪಾಲದಲ್ಲಿ ಗಾಜಿನ ಪೆಟ್ಟಿಗೆಯೊಳಗಿದ್ದಾಗ ಅತ್ತೆ ಸುಗಂಧಾ ಹರಕೆ ಹೊತ್ತಿದ್ದರು: ಕತ್ತರಿ ತಾಗಿಸದೆ ಬೆಳೆಸಿ, ಮೂರನೇ ವರ್ಷದಲ್ಲಿ ಅಮ್ಮನವರ ಮುಂದೆ ಇಳಿಸುತ್ತೇನೆಂದು. ಆ ಇಪ್ಪತ್ತೆರಡು ದಿನ ವಿಜೇತಾ ಯಂತ್ರದ ಅಂಕಿ ನೋಡುತ್ತ ಕೂತಿದ್ದಳು; ಅತ್ತೆ ಒಪ್ಪತ್ತು ಉಂಡಿದ್ದರು.

"ಅಯ್ಯಯ್ಯೋ, ಎಷ್ಟು ಸೊರಗಿದಾನೆ ನನ್ ಮಗಾ!" ಸುಗಂಧಾ ಅಂಗಳಕ್ಕೇ ಬಂದರು. "ಅಲ್ಲಿ ಉಣ್ಣೂಕೇ ಕೊಡೂದಿಲ್ವೇನೇ?"

"ಗಂಜಿ ಬೇಕು ಅಂತಿದ್ದ ಅತ್ತೆ. ಎಲ್ಲಿಂದ ತರೂದು?"

"ಮತ್ತೆ ಅಂಥಾ ಊರಿಗೆ ಎಂತಕೆ ಹೋದದ್ದು? ಹಳೇ ಕಲ್ಲು ನೋಡೂಕಾದ್ರೆ ನಮ್ಮ ಸದಾಶಿವಗಡದಲ್ಲಿ ಇರ್ಲಿಲ್ವಾ?"

ವಿಕಾಸ ಬೇಕಾದ್ದಕ್ಕಿಂತ ಜೋರಾಗಿ ನಕ್ಕ. ಅತ್ತೆಯ ಕೈ ಮೊಮ್ಮಗನ ಟೊಪ್ಪಿಗೆ ಹೋಯಿತು. "ಮನೆಗೆ ಬಂದ್ಮೇಲೂ ಇದೆಂತದು, ಸಾಯ್ಬನ ಹಾಂಗೆ?"

"ಅತ್ತೆ, ನಾನು ಅವನ ಕೂದ್ಲು ಕತ್ತರಿಸಿದೆ," ಎಂದಳು ವಿಜೇತಾ. ಬೆಂಚು, ಅಂಟು, ಕತ್ತರಿ ಎಲ್ಲ ಹೇಳಿದಳು. ಸುಳ್ಳು ಕಟ್ಟುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಸುಗಂಧಾ ಟೊಪ್ಪಿ ತೆಗೆದು ನೋಡಿದರು. "ಕತ್ತರ್ಸಿದ್ದು ಎಲ್ಲದೆ?"

"ಅಲ್ಲೇ... ಕಸದ ಡಬ್ಬಿಗೆ ಹಾಕ್ದೆ."

ಸುಗಂಧಾ ಜಗಲಿಯಲ್ಲಿ ಕೂತರು. ನಾಳೆಗೆಂದು ನೆಂಟರಿಗೆಲ್ಲ ಹೇಳಿಯಾಗಿತ್ತು. ಆಮೇಲೆ ಸೆರಗು ಬಿಗಿದು ಎದ್ದರು. "ನಡೀರಿ. ಅಮ್ಮನ ಹತ್ರ ಪ್ರಸಾದ ಕೇಳ್ವಾ."

ಗುಡಿಯ ಪೂಜಾರಿ ಬೊಮ್ಮು ಗುನಗ ಹೂವಿನ ಎರಡು ಒದ್ದೆ ಎಸಳುಗಳನ್ನು ಅಮ್ಮನವರ ಎರಡು ಭುಜಕ್ಕೆ ಅಂಟಿಸಿದ. ಬಲಗಡೆಯದು ಮೊದಲು ಬಿದ್ದರೆ ನಾಳೆ ಕೂದಲು ಇಳಿಸಬಹುದು, ಎಡಗಡೆಯದಾದರೆ ಇಲ್ಲ. ಗಾಳಿ ತಾಗದಿರಲೆಂದು ಫ್ಯಾನು ಆರಿಸಿದ. ಬೆವರು ಇಳಿಯಿತು. ಪ್ರಥಮ ಎದ್ದು, ಬಾಳೆಹಣ್ಣು ತಿಂದು, ಸಿಪ್ಪೆಯನ್ನು ಅಪ್ಪನ ಕಿಸೆಗೆ ಹಾಕಿದ. ಬಲದ ಎಸಳಿನಲ್ಲಿ ನೀರು ಕಡಿಮೆ, ಅದೇ ಮೊದಲು ಒಣಗಿ ಬೀಳಬೇಕು ಎಂದು ವಿಜೇತಾ ಲೆಕ್ಕ ಹಾಕಿದಳು. ಅರ್ಧ ತಾಸು ಹಾಗೆಯೇ ಲೆಕ್ಕ ಹಾಕುತ್ತ ನಿಂತಳು.

ಬಿದ್ದದ್ದು ಎಡದ್ದು.

"ಒಪ್ಲಿಲ್ಲ ಸುಗಂಧಕ್ಕಾ," ಎಂದ ಬೊಮ್ಮು. "ತುಂಡಾದ್ದು ಉದ್ದ ಬರ್ಲಿ. ಬರೂ ವರ್ಷ ಕೇಳ್ವಾ."

"ಇನ್ನೊಂದ್ ಸಲ ಕೇಳೂಕೆ ಬರೂದಿಲ್ವಾ?" ಎಂದ ವಿಕಾಸ.

"ಲಾಟರಿ ಏನೋ ಇದು?" ಎಂದರು ಅವನ ತಾಯಿ. ಮೊಮ್ಮಗನನ್ನು ಎತ್ತಿಕೊಂಡು ಮನೆಯ ದಾರಿ ಹಿಡಿದರು.

ಬೈಗುಳ ಬರುತ್ತದೆಂದು ವಿಜೇತಾ ಕಾದಳು, ಬಂದಿದ್ದರೆ ಹಗುರಾಗುತ್ತಿತ್ತು. ಅತ್ತೆ ಅವಳ ಮುಖ ನೋಡಿ, "ಹೋಗಿ ಮಲ್ಕ. ನಿಂತಲ್ಲೇ ಬೀಳ್ತೆ," ಎಂದರು.

ಅವಳು ಒಳಗೆ ಚಾಪೆಯ ಮೇಲೆ ಒರಗಿದಳು. ನೆಲ ಇನ್ನೂ ವಿಮಾನದ ಹಾಗೆ ಅದುರುತ್ತಿತ್ತು. ತೆರೆದ ಬಾಗಿಲಿನಾಚೆ ಜಗಲಿಯಲ್ಲಿ ಸುಗಂಧಾ ಮೊಮ್ಮಗನನ್ನು ಮೊಣಕಾಲ ನಡುವೆ ಕೂರಿಸಿ, ಕಣ್ಣಿಗೆ ಬೀಳುತ್ತಿದ್ದ ಕೂದಲನ್ನೆಲ್ಲ ಮೇಲಕ್ಕೆ ಬಾಚಿ ಕೆಂಪು ರಿಬ್ಬನ್ನಿನಲ್ಲಿ ಕಟ್ಟಿದರು. ಕತ್ತಿನ ಬಳಿಯ ತುಂಡು ಮಾತ್ರ ಜುಟ್ಟಿಗೆ ಸಿಗಲಿಲ್ಲ. ಬೆರಳಿಗೆ ಎಣ್ಣೆ ತೆಗೆದುಕೊಂಡು ಅದನ್ನು ಕೆಳಗೆ ಒತ್ತಿದರು. ಅದು ಎದ್ದು ನಿಂತಿತು. ಮತ್ತೆ ಒತ್ತಿದರು.