ಮಾರಿದ ಪ್ರಬಂಧ

ಗಗನಾ ಅಜ್ಜಂಪುರದವಳು. ತರೀಕೆರೆಯ ಡಿಗ್ರಿ ಕಾಲೇಜೊಂದರಲ್ಲಿ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿ. ರಜೆಯಲ್ಲಿ ಅತಿಥಿ ಉಪನ್ಯಾಸಕರಿಗೆ ಸಂಬಳವಿರುವುದಿಲ್ಲ. ಕಳೆದ ಬೇಸಿಗೆಯಲ್ಲಿ, ಬ್ಯಾಗು, ಚಪ್ಪಲಿಯ ಜೊತೆ ಪ್ರಬಂಧಗಳನ್ನೂ ಮಾರುವ ಆನ್‌ಲೈನ್ ಅಂಗಡಿಯೊಂದು ಪ್ರಬಂಧ ಬರೆಯುವವರು ಬೇಕೆಂದು ಕರೆದಿತ್ತು. ಮಾದರಿ ಪ್ರಬಂಧಗಳಂತೆ, ಮಕ್ಕಳು ಓದಿ ಕಲಿಯುವುದಕ್ಕಂತೆ. ಗಗನಾ ಪೂರ್ತಿ ನಂಬಿದಳೆಂದಲ್ಲ. ಹೆಚ್ಚು ಕೇಳಲು ಹೋಗದೆ ದುಡ್ಡಿಗೆ ಬರೆದುಕೊಟ್ಟಳು.

ಕಾಲೇಜು ಶುರುವಾದ ಮೇಲೆ ಒಂದು ದಿನ ಸ್ಟಾಫ್ ರೂಮಿನಲ್ಲಿ ಅಸೈನ್‌ಮೆಂಟುಗಳನ್ನು ತಿದ್ದುತ್ತಿದ್ದಳು. ಹರ್ಷಿತ್ ಎಂಬ ಹುಡುಗ ಸಂತೆಯಲ್ಲಿ ದುಡಿಯುವ ಹೆಂಗಸರ ಬಗ್ಗೆ ದುಂಡಗಿನ ಅಕ್ಷರದಲ್ಲಿ ಬರೆದಿದ್ದ. 'ಸೊಪ್ಪು ಬಾಡೋದ್ರೊಳಗೆ ಮಾರ್ಬೇಕು, ನಗು ಬಾಡ್ದಂಗೆ ಮಾರ್ಬೇಕು ಅಂತಾಳೆ ನಮ್ಮವ್ವ' ಎಂಬ ಸಾಲಿಗೆ ಬಂದಾಗ ಗಗನಾಳ ಪೆನ್ನು ನಿಂತಿತು. ಅದು ಸಂತೆಯಲ್ಲಿ ಸೊಪ್ಪು ಮಾರುವ ಅವಳ ತಾಯಿ ಸುಲೋಚನಮ್ಮನ ಮಾತು. ಬೇಸಿಗೆಯಲ್ಲಿ ಗಗನಾ ತಾನೇ ಬರೆದು ಆ ಅಂಗಡಿಗೆ ಕಳಿಸಿದ ಪ್ರಬಂಧವಿದು.

ಹರ್ಷಿತ್‌ನನ್ನು ಖಾಲಿ ಕ್ಲಾಸಿಗೆ ಕರೆದಳು.

"ಇದನ್ನ ನೀನೇ ಬರೆದ್ಯೇನಪ್ಪಾ?"

ಅವನು ತಲೆ ತಗ್ಗಿಸಿದ. "ಫೋನಲ್ಲಿ ಜಾಹೀರಾತು ಬಂತು ಮೇಡಂ. ಯಾರಿಗೂ ಗೊತ್ತಾಗಲ್ಲ ಅಂತ ಹಾಕಿದ್ರು. ನಂಗೆ ಬರೆಯಕ್ಕೆ ಬರಲ್ಲ, ದುಡ್ಡು ಕೊಟ್ಟು ತರಿಸ್ಕೊಂಡ್ಬಿಟ್ಟೆ."

ಬಯ್ಯುವ ಮಾತು ನಾಲಗೆಯ ತುದಿಯಲ್ಲೇ ಇತ್ತು. ಹೊರಬಂದದ್ದು ಬೇರೆ.

"ಬರೆದಿದ್ದು ನಾನು ಕಣೋ."

ಹರ್ಷಿತ್ ಅವಳ ಮುಖವನ್ನೂ ಹಾಳೆಯನ್ನೂ ನೋಡಿದ. "ಹಂಗಾದ್ರೆ ಮಾರ್ಕ್ಸ್ ಯಾರಿಗೆ ಮೇಡಂ?" ಎಂದ. ಕುಹಕವಿರಲಿಲ್ಲ, ನಿಜವಾಗಿಯೂ ಕೇಳಿದ್ದ.

ಅಂದೇ ಮಧ್ಯಾಹ್ನ ವಿಭಾಗದ ಮುಖ್ಯಸ್ಥ ಮಲ್ಲಿಕಾರ್ಜುನಪ್ಪನವರ ಬಳಿ ಹೋಗಿ ಎಲ್ಲವನ್ನೂ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸುಮ್ನಿದ್ದಿದ್ರೆ ನಮ್ಗೆ ಗೊತ್ತೇ ಆಗ್ತಿರ್ಲಿಲ್ಲ ಕಣಮ್ಮಾ."

"ಅವನೊಬ್ಬನ್ನೇ ಹೆಂಗೆ ಬಯ್ಯಲಿ ಸರ್?"

ಆ ತರಗತಿಯ ಅಸೈನ್‌ಮೆಂಟುಗಳು ಬೇರೆಯವರ ಕೈಗೆ ಹೋದವು. ಹರ್ಷಿತ್ ಅದೇ ವಿಷಯದ ಮೇಲೆ ತಾನೇ ಹೊಸದಾಗಿ ಬರೆಯಬೇಕೆಂದಾಯಿತು. ಗಗನಾಳಿಗೆ ಕಾರಣ ಕೇಳಿ ಪ್ರಾಂಶುಪಾಲರಿಂದ ಮೆಮೊ ಬಂತು. ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಯಾರೂ ಹೇಳಲಿಲ್ಲ. ಇನ್ನು ಬರೆಯುವುದಿಲ್ಲವೆಂದು ಆನ್‌ಲೈನ್ ಅಂಗಡಿಗೆ ಮೆಸೇಜ್ ಹಾಕಿದಳು. ಅವರು ಹೆಬ್ಬೆರಳೆತ್ತಿದ ಚಿತ್ರವೊಂದನ್ನು ಕಳಿಸಿದರು, ಅಷ್ಟೇ.

ಮನೆಯಲ್ಲಿ ಹೇಳಿದಾಗ ಸುಲೋಚನಮ್ಮ ನಕ್ಕಳು. "ನನ್ ಮಾತನ್ನೂ ಮಾರಿದ್ಯೇನೇ?" ಆಮೇಲೆ ನಗು ನಿಲ್ಲಿಸಿ, "ಹೇಳಿದ್ದು ಒಳ್ಳೇದಾಯ್ತು ಬಿಡು, ಊಟ ಮಾಡು" ಎಂದಳು.

ಮುಂದಿನ ವಾರ ಅಜ್ಜಂಪುರದ ಸಂತೆಯಲ್ಲಿ ಹರ್ಷಿತ್ ಕಣ್ಣಿಗೆ ಬಿದ್ದ. ಮೆಣಸಿನಕಾಯಿ ಮಾರುವ ಸಾವಿತ್ರಮ್ಮನ ಎದುರು ಪೆನ್ನು ಹಿಡಿದು ಕುಕ್ಕರಗಾಲಲ್ಲಿ ಕೂತು ಏನೋ ಕೇಳುತ್ತಿದ್ದ.

"ಆಮೇಲೆ ಬರ್ಕೊಳ್ಳುವಂತೆ, ಮೊದ್ಲು ಈ ಚೀಲ ಹಿಡ್ಕಳೋ" ಎಂದಳು ಸಾವಿತ್ರಮ್ಮ.

ಹರ್ಷಿತ್ ಪೆನ್ನನ್ನು ಜೇಬಿಗೆ ಸಿಕ್ಕಿಸಿ ಎದ್ದ. ಗಗನಾ ಅವನನ್ನು ಮಾತಾಡಿಸದೆ ಮುಂದೆ ನಡೆದಳು.