ನನ್ನ ಕೊರಳಿನ ಹಸಿರು ಚೀಟಿ

ಹುಟ್ಟುವಾಗಲೇ ನನಗೆ ಬಾಯಿ ದೊಡ್ಡದು. ಮಾತು ಮಾತ್ರ ನನ್ನದಲ್ಲ. ಹಣ್ಣಿನ ಗಾಡಿಯವರು, ಚುನಾವಣೆಯ ಹುಡುಗರು ಕೈಯಲ್ಲಿ ಹಿಡಿದು ಕೂಗುತ್ತಾ ಹೋಗುತ್ತಾರಲ್ಲ, ಆ ಮೈಕು ನಾನು. ಎಲ್ಲೋ ಉತ್ತರದ ಊರಿನ ಕಾರ್ಖಾನೆಯಲ್ಲಿ ನನ್ನ ಬಿಳಿ ಕಹಳೆಗೆ ಕೆಂಪು ಹಿಡಿಕೆ ಕೂಡಿಸಿದ ಹೆಂಗಸು ನನ್ನನ್ನು ತುಟಿಯ ಹತ್ತಿರ ಹಿಡಿದು "ಹಲೋ" ಎಂದಳು. ನಾನೂ "ಹಲೋ" ಎಂದೆ, ಅವಳಿಗಿಂತ ಜೋರಾಗಿ. ಅವಳು ನಗಲಿಲ್ಲ, ಬೆಚ್ಚಲಿಲ್ಲ. ನನ್ನನ್ನು ಡಬ್ಬಿಗೆ ಹಾಕಿ ಮುಂದಿನದನ್ನು ಕೈಗೆತ್ತಿಕೊಂಡಳು. ಅವತ್ತಿನಿಂದ ನನಗೊಂದು ಸಂಕೋಚ ಉಳಿದುಬಿಟ್ಟಿದೆ. ಬೇರೆಯವರ ಮಾತನ್ನು ಅವರಿಗಿಂತ ದೊಡ್ಡದಾಗಿ ಆಡುವುದು ಸರಿಯೇ, ಅಂತ.

ಡಬ್ಬಿ ತೆರೆದಾಗ ದಾವಣಗೆರೆಯಲ್ಲಿದ್ದೆ. ಅಂಗಡಿಯವನು ನನ್ನನ್ನು ಫ್ಯಾನುಗಳ ನಡುವೆ ತೂಗುಹಾಕಿದ. ಅಲ್ಲಿಂದ ಬೀದಿ ಕಾಣುತ್ತಿತ್ತು. ಯಾರೋ ಒಬ್ಬರು ಬಂದು ನನ್ನನ್ನು ತರಕಾರಿಯ ಬೆಲೆ ಕೂಗಲು ಒಯ್ಯುತ್ತಾರೆ, ಅಷ್ಟೇ ನನ್ನ ಬಾಳು ಅಂದುಕೊಂಡಿದ್ದೆ.

ಬಂದವಳು ಬಿಲ್ಕಿಸ್. ಮಂಡಕ್ಕಿ ಭಟ್ಟಿಯಲ್ಲಿ ಜರಡಿ ಹಿಡಿಯುವವಳು. ಭಟ್ಟಿ ಎಂದರೆ ಕಾದ ಮರಳಿನಲ್ಲಿ ಅಕ್ಕಿ ಹುರಿದು ಮಂಡಕ್ಕಿ ಮಾಡುವ ಜಾಗ. ಭತ್ತದ ಹೊಟ್ಟು ಉರಿಸುತ್ತಾರೆ. ಗೋಡೆ, ಮರ, ಒಣಹಾಕಿದ ಬಟ್ಟೆ, ಎಲ್ಲವೂ ಮಸಿ. ಆ ಹೊಗೆ ಬಿಲ್ಕಿಸಳ ಗಂಟಲನ್ನು ತಿಂದುಹಾಕಿತ್ತು. ಅವಳು ಹೇಳುವುದನ್ನು ಕೇಳಬೇಕಾದರೆ ಬಗ್ಗಬೇಕು. ಆದರೆ ಹೇಳುವ ಮಾತು ಅವಳ ಹತ್ತಿರವೇ ಇತ್ತು. ಆ ಓಣಿಯ ಹೆಂಗಸರೆಲ್ಲ ಏನೇ ಆದರೂ ಅವಳನ್ನೇ ಕೇಳುತ್ತಿದ್ದರು.

ಅವರಿಗೆ ಬೇಕಾಗಿದ್ದದ್ದೂ ಒಂದು ದೊಡ್ಡ ದನಿ. ಓಣಿಯ ಹೆಂಗಸರು ಒಂದು ಕಿರುಸಾಲದ ಕಂಪನಿಯಿಂದ ಗುಂಪಾಗಿ ಸಾಲ ತಗೊಂಡಿದ್ದರು. ಒಬ್ಬಳು ವಾರದ ಕಂತು ತಪ್ಪಿಸಿದರೆ ಉಳಿದವರು ತುಂಬಬೇಕು. ಪಕ್ಕದ ಮನೆಯ ಕೊಟ್ರಮ್ಮನ ಗಂಡ ಆಸ್ಪತ್ರೆ ಸೇರಿದ ವಾರ ಅವಳ ಕಂತು ತಪ್ಪಿತು. ವಸೂಲಿಯವರು ಅವಳ ಜಗಲಿಯ ಮೇಲೆ ಸಂಜೆಯ ತನಕ ಕೂತರು, ಉಳಿದ ಹೆಂಗಸರನ್ನೂ ಕೂಡಿಸಿಕೊಂಡರು. ಹೊತ್ತು ಇಳಿಯುವಾಗ ಅವಳ ಗ್ಯಾಸ್ ಸಿಲಿಂಡರನ್ನು ಬೀದಿಗೆ ಉರುಳಿಸಿದರು. ಅದು ಉರುಳಿದ ಸದ್ದು ಆ ಹೆಂಗಸರ ಕಿವಿಯಲ್ಲಿ ಉಳಿದುಬಿಟ್ಟಿತು. ನಾನು ಆಗ ಇರಲಿಲ್ಲ. ಮುಂದೆ ಅದರ ಬಗ್ಗೆ ನಾನೇ ಎಷ್ಟು ಸಲ ಕೂಗಿದ್ದೇನೆಂದರೆ, ಕಂಡಷ್ಟೇ ಆಗಿದೆ.

ನನ್ನನ್ನು ಕೊಳ್ಳುವಷ್ಟು ಹಣ ಬಿಲ್ಕಿಸಳ ಹತ್ತಿರ ಒಟ್ಟಿಗೆ ಇರಲಿಲ್ಲ. ಅವಳು ಕೊಟ್ರಮ್ಮನನ್ನು ಜೊತೆಮಾಡಿಕೊಂಡು ಸತ್ತಾರ್ ಮೇಷ್ಟ್ರ ಹತ್ತಿರ ಹೋದಳು. ಮೇಷ್ಟ್ರು ಉರ್ದು ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ಮಸೀದಿಯ ಹಿಂದಿನ ಒಂದು ಕೋಣೆಯಲ್ಲಿ ಬಡ್ಡಿಯಿಲ್ಲದ ಸಂಘ ನಡೆಸುತ್ತಿದ್ದರು. ಬಡ್ಡಿ ಅವರ ಧರ್ಮಕ್ಕೆ ಆಗದು. ದುಡ್ಡು ದುಡ್ಡನ್ನು ಹಡೆಯಬಾರದು ಅನ್ನುತ್ತಿದ್ದರು. ಅದಕ್ಕೇ ಅವರು ಕೈಗೆ ಸಾಲ ಕೊಡುತ್ತಿರಲಿಲ್ಲ. ನಿಮಗೆ ಬೇಕಾದ ವಸ್ತುವನ್ನು ಸಂಘವೇ ಕೊಂಡು, ಸ್ವಲ್ಪ ಲಾಭ ಇಟ್ಟು, ಕಂತಿನಲ್ಲಿ ನಿಮಗೆ ಮಾರುತ್ತದೆ. ಒಂದೇ ನಿಯಮ. ಮಾರುವ ಮೊದಲು ವಸ್ತು ನಿಜವಾಗಿ ಸಂಘದ್ದಾಗಬೇಕು.

ಹಾಗಾಗಿ ಒಂದು ರಾತ್ರಿ ನಾನು ಮೇಷ್ಟ್ರ ಮೇಜಿನ ಮೇಲೆ ಇರಬೇಕಾಯಿತು. ಅವರು ಸಂಘದ ಹೆಸರಿನ ಹಸಿರು ಚೀಟಿಯೊಂದನ್ನು ನನ್ನ ಕೊರಳಿಗೆ ಅಂಟಿಸಿ, ಬೆರಳಿನಿಂದ ಚೆನ್ನಾಗಿ ಉಜ್ಜಿದರು.

ಕೊಟ್ರಮ್ಮ ಬಾಗಿಲಲ್ಲೇ ನಿಂತು ಕೇಳಿದಳು. "ಮೇಷ್ಟ್ರೇ, ಬಡ್ಡಿ ಇಲ್ಲ ಅಂತೀರಿ. ಅಂಗಡ್ಯಾಗೆ ಎರಡು ಸಾವಿರಕ್ಕೆ ಬಂದದ್ದು ಇವಳಿಗೆ ಎರಡು ಸಾವಿರದ ಇನ್ನೂರು. ಆ ಇನ್ನೂರಕ್ಕೆ ಏನಂತ ಹೆಸರು ಇಟ್ಟೀರಿ?"

"ಲಾಭ."

"ಬಡ್ಡಿಗೆ ಟೋಪಿ ಹಾಕಿದ್ರೆ ಲಾಭ ಆಗುತ್ತಾ?"

ಮೇಷ್ಟ್ರು ನಕ್ಕರು. "ಹಾಗೆ ಕೇಳೋರು ನಮ್ಮಲ್ಲೂ ಇದ್ದಾರೆ, ತಾಯಿ. ಆದರೆ ಇವಳು ಕಂತು ತಡ ಮಾಡಿದರೂ ಇನ್ನೂರು ಇನ್ನೂರೇ. ಅದು ಮರಿ ಹಾಕಲ್ಲ. ಇವತ್ತು ರಾತ್ರಿ ಮೈಕು ಕೆಟ್ಟರೆ ನಷ್ಟ ನಂದು, ಇವಳದ್ದಲ್ಲ."

ಕೊಟ್ರಮ್ಮ, ಅದು ಬೇಕಾದರೆ ಒಪ್ಪಬಹುದು, ಕಂಪನಿಯವರು ನಷ್ಟ ನಮ್ಮದು ಅಂತ ಯಾವತ್ತೂ ಅಂದಿಲ್ಲ, ಎಂದಳು. ಮಾರನೆಯ ದಿನ ಬಿಲ್ಕಿಸ್ ಮೊದಲ ಕಂತು ಕೊಟ್ಟು ನನ್ನನ್ನು ಎದೆಗವಚಿಕೊಂಡು ಮನೆಗೆ ತಂದಳು. ಚೀಟಿ ನನ್ನ ಕೊರಳಿನಲ್ಲೇ ಉಳಿಯಿತು. ಅದನ್ನು ಕೀಳಬೇಕೆಂದು ಮೇಷ್ಟ್ರಿಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಮೊದಲ ದಿನ ಕಂಪನಿಯ ಕಚೇರಿಯ ಮುಂದೆ ಓಣಿಯ ಹೆಂಗಸರಷ್ಟೇ ನಿಂತಿದ್ದರು. ಬಿಲ್ಕಿಸ್ ನನ್ನನ್ನು ತುಟಿಗೆ ತಂದಳು. ನನಗೆ ಅವಳ ಮುಖಕ್ಕಿಂತ ಗದ್ದವೇ ಚೆನ್ನಾಗಿ ಗೊತ್ತು. "ಸಾಲ ತೀರಿಸ್ತೀವಿ, ಮರ್ಯಾದೆ ಬಿಟ್ಟುಕೊಡಲ್ಲ" ಎಂದಳು. ಒರಟಾದ, ಹೊಗೆಯ ದನಿ. ಅದೇ ದನಿ ನನ್ನಿಂದ ಹೊರಬಿದ್ದು ರಸ್ತೆಯ ಆಚೆಯ ಗೋಡೆಗೆ ಬಡಿದು ವಾಪಸು ಬಂದಾಗ ಅವಳೇ ತಿರುಗಿ ನೋಡಿದಳು. ಮರುದಿನ ಬೇರೆ ಓಣಿಗಳವರು ಬಂದರು. ಆಮೇಲೆ ಬೀಡಿ ಕಟ್ಟುವವರು, ಮನೆಗೆಲಸದವರು, ಹೂ ಮಾರುವವರು. ಒಂದು ವಾರದಲ್ಲಿ ಆ ರಸ್ತೆಯಲ್ಲಿ ಬಸ್ಸು ಓಡಾಡಲು ಜಾಗವಿರಲಿಲ್ಲ.

ಬಿಸಿಲು ಜೋರಿತ್ತು. ಚಂದ್ರಣ್ಣ ಎಂಬವನು ಶಾಮಿಯಾನ ಹಾಕಿಸಿಕೊಟ್ಟ. ಅಕ್ಕತಂಗಿಯರಿಗೆ ನೆರಳು ಬೇಡವೇ ಎಂದ. ಮಧ್ಯಾಹ್ನ ಚಿತ್ರಾನ್ನ ಬಂತು, ಚಹಾ ಬಂತು. ಅವನು ಮೀಟರ್ ಬಡ್ಡಿಯವನು. ಬೆಳಿಗ್ಗೆ ಕೊಟ್ಟು ಸಂಜೆಗೇ ಬಡ್ಡಿ ಕೇಳುವವನು. ಕಂಪನಿಗಳು ಬಂದಮೇಲೆ ಅವನ ವ್ಯವಹಾರ ಸೊರಗಿತ್ತು. ಇದು ಎಲ್ಲರಿಗೂ ಗೊತ್ತಿತ್ತು. ಆದರೂ ನೆರಳಲ್ಲಿ ಕೂತವರು ನೆರಳು ಯಾರದು ಅಂತ ಕೇಳಲಿಲ್ಲ.

ಕೇಳಿದ್ದು ನನ್ನ ಬಗ್ಗೆ. ಯಾರೋ ಮೊಬೈಲಿನಲ್ಲಿ ಬಿಲ್ಕಿಸಳ ಭಾಷಣ ಹಿಡಿದಿದ್ದರು. ಅದರಲ್ಲಿ ನನ್ನ ಕೊರಳಿನ ಹಸಿರು ಚೀಟಿ ಸ್ಪಷ್ಟವಾಗಿ ಕಾಣುತ್ತಿತ್ತು. ಅದರ ಸುತ್ತ ಕೆಂಪು ಗೆರೆ ಎಳೆದು ಊರಿಗೆಲ್ಲ ಕಳಿಸಿದರು. ಈ ಹೋರಾಟಕ್ಕೆ ದುಡ್ಡು ಹಾಕಿರುವುದು ಬಡ್ಡಿಯಿಲ್ಲದ ಸಂಘ, ಅದಕ್ಕೆ ಹೊರದೇಶದಿಂದ ಹಣ ಬರುತ್ತದೆ, ಕಂಪನಿಯನ್ನು ಓಡಿಸಿ ಗಿರಾಕಿಗಳನ್ನೆಲ್ಲ ತಮ್ಮ ಕಡೆ ಎಳೆದುಕೊಳ್ಳುವ ಉಪಾಯ, ಅಂತ ಮಾತು ಹಬ್ಬಿತು.

ಮರುದಿನ ಶಾಮಿಯಾನದ ಕೆಳಗೇ ಒಬ್ಬಳು ಎದ್ದು ನಿಂತಳು. ಬೇರೆ ಓಣಿಯವಳು, ಹೆಸರು ನನಗೆ ಗೊತ್ತಿಲ್ಲ. ಮೈಕು ಯಾರು ಕೊಟ್ಟದ್ದು ಹೇಳು ಎಂದಳು. ಬಿಲ್ಕಿಸ್ ನಿಜವನ್ನೇ ಹೇಳಿದಳು. ಮೊದಲು ಸಂಘ ಕೊಂಡಿತು, ಆಮೇಲೆ ಸಂಘದಿಂದ ನಾನು ಕೊಂಡೆ, ಕಂತು ಕಟ್ಟುತ್ತಿದ್ದೇನೆ, ಅಂತ. ಜನ ನಕ್ಕರು. "ಒಂದು ಮೈಕಿಗೆ ಎರಡು ಮಾರಾಟನಾ? ಅಂಗಡಿಯಿಂದ ನೇರ ತರಾಕೆ ನಿನ್ನ ಕಾಲಿಗೆ ಏನಾಗಿತ್ತು?" ಎಂದು ಹಿಂದಿನಿಂದ ಯಾರೋ ಕೂಗಿದರು.

ಬಿಲ್ಕಿಸ್ ಮುಂದಿನ ಸಾಲಿನ ಕಡೆ ತಿರುಗಿದಳು. "ಕೊಟ್ರಕ್ಕಾ, ನೀನೂ ಅಲ್ಲೇ ಇದ್ದೆಯಲ್ಲ. ಹೇಳು."

ಕೊಟ್ರಮ್ಮ ತಲೆ ತಗ್ಗಿಸಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಬಿಚ್ಚಿದಳು. ಮತ್ತೆ ಸುತ್ತಿಕೊಂಡಳು.

ನನ್ನ ಗುಂಡಿ ಒತ್ತಿಯೇ ಇತ್ತು. ಬಿಲ್ಕಿಸ್ ನನ್ನನ್ನು ತುಟಿಯಿಂದ ಇಳಿಸುವುದನ್ನೂ ಮರೆತಿದ್ದಳು. ಅಷ್ಟು ದೊಡ್ಡ ಗುಂಪಿಗೆ ಅವಳ ಉಸಿರಷ್ಟೇ ಕೇಳಿಸಿತು, ಬಹಳ ದೊಡ್ಡದಾಗಿ. ನನ್ನ ಬಾಳಿನಲ್ಲಿ ನಾನು ಮಾಡಿದ ಅತ್ಯಂತ ಜೋರಾದ ಸದ್ದು ಅದೇ ಇರಬೇಕು.

ಆಮೇಲಿನದು ಬೇಗ ಮುಗಿಯಿತು. ಪೊಲೀಸರು ಮೇಷ್ಟ್ರನ್ನು ಠಾಣೆಗೆ ಕರೆಸಿ ದಿನವಿಡೀ ಕೂಡಿಸಿಕೊಂಡರು. ಹೊರದೇಶದ ಹಣ ಸಿಗಲಿಲ್ಲ, ಆದರೆ ಸಂಘದಲ್ಲಿ ಹಣ ಇಟ್ಟವರು ಹೆದರಿ ವಾಪಸು ತಗೊಂಡರು. ಮೇಷ್ಟ್ರು ಕೊನೆಯವರಿಗೂ ಕೊಟ್ಟು ಕೋಣೆಗೆ ಬೀಗ ಹಾಕಿದರು. ಗುಂಪು ಒಡೆಯಿತು. ಇಷ್ಟು ಗಲಾಟೆಯ ಬೀದಿ ಬೇಡವೆಂದು ಕಂಪನಿಯೂ ಕಚೇರಿ ಎತ್ತಿತು. ಶಾಮಿಯಾನದ ಕಂಬ ಕಿತ್ತ ಗುಂಡಿಗಳು ಮುಚ್ಚುವ ಮೊದಲೇ ಚಂದ್ರಣ್ಣನ ಹುಡುಗರು ಓಣಿಯಲ್ಲಿ ಓಡಾಡತೊಡಗಿದರು. ಕಂಪನಿ ಇಲ್ಲ, ಸಂಘ ಇಲ್ಲ. ಆಸ್ಪತ್ರೆ, ಶಾಲೆಯ ಫೀಸು, ಮದುವೆ ಮಾತ್ರ ಹಾಗೇ ಇದ್ದವು.

ಹೋರಾಟವನ್ನು ಹುಟ್ಟಿಸಿದ್ದು ಚಂದ್ರಣ್ಣ ಅಂತ ಈಗ ಕೆಲವರು ಹೇಳುತ್ತಾರೆ. ನಾನು ಹಾಗೆ ಅನ್ನಲಾರೆ. ಬೆಂಕಿ ಹತ್ತಿದ್ದು ಸಿಲಿಂಡರ್ ಉರುಳಿದ ದಿನವೇ. ಅವನು ಅದರಲ್ಲಿ ಚಳಿ ಕಾಯಿಸಿಕೊಂಡ, ಅಷ್ಟೇ.

ಬಿಲ್ಕಿಸ್ ನನ್ನನ್ನು ಅಡುಗೆಮನೆಯ ಮೊಳೆಗೆ ತೂಗುಹಾಕಿದಳು. ಕೊಟ್ರಮ್ಮ ಗೋಡೆಯಾಚೆಗೇ ಇದ್ದಳು, ಆದರೂ ಅವರಿಬ್ಬರ ನಡುವೆ ಮಾತು ನಿಂತಿತು. ತಿಂಗಳಾದರೆ ಬಿಲ್ಕಿಸ್ ಸೆರಗಿನಲ್ಲಿ ದುಡ್ಡು ಕಟ್ಟಿಕೊಂಡು ಮೇಷ್ಟ್ರ ಮನೆಗೆ ಹೋಗುತ್ತಿದ್ದಳು. ಕೊನೆಯ ಕಂತಿನ ದಿನ ನನ್ನನ್ನೂ ಒಯ್ದಳು. ಸಂಘವೇ ಮುಚ್ಚಿದೆ, ಇನ್ನು ಯಾರಿಗೆ ಕಟ್ಟುತ್ತೀಯಮ್ಮ ಎಂದು ಅವತ್ತೂ ಕೇಳಿದರು ಮೇಷ್ಟ್ರು. ಕೊಂಡದ್ದು ಕೊಂಡದ್ದೇ ಅಲ್ಲವೇ ಎಂದಳು. ಅವರು ನನ್ನ ಕೊರಳನ್ನು ಮುಟ್ಟಿ ನೋಡಿದರು. "ಮಾರಿದ ದಿನವೇ ಇದನ್ನ ಕೀಳಬೇಕಿತ್ತು. ನನ್ನದಲ್ಲದ್ದರ ಮೇಲೆ ನನ್ನ ಹೆಸರು ಬಿಟ್ಟೆ." ಉಗುರಿನಿಂದ ಎಬ್ಬಿಸಲು ಹೋದರು.

ಬಿಲ್ಕಿಸ್ ತಡೆದಳು. "ಇರಲಿ ಸಾರ್. ಈಗ ಕಿತ್ತರೆ ಏನೋ ಮುಚ್ಚಿಟ್ರು ಅಂತಾರೆ."

ಹಿಂತಿರುಗುವಾಗ ಕೊಟ್ರಮ್ಮ ತನ್ನ ಜಗಲಿಯಲ್ಲಿ ಕೂತಿದ್ದಳು. ನಮ್ಮನ್ನು ನೋಡಿದಳು. ಬಿಲ್ಕಿಸಳ ಬರಿದಾದ ಸೆರಗಿನ ಗಂಟನ್ನೂ ನೋಡಿದಳು ಅಂತ ನನ್ನ ಅನುಮಾನ.

ಮಳೆಗಾಲ ಹತ್ತಿರವಿದ್ದ ಒಂದು ಸಂಜೆ ಬೀದಿಯಲ್ಲಿ ಆ ಹಳೆಯ ಸದ್ದಾಯಿತು. ಓಣಿಯ ತುದಿಯ ಮನೆಯ ಸಿಲಿಂಡರನ್ನು ಚಂದ್ರಣ್ಣನ ಹುಡುಗರು ಉರುಳಿಸಿಕೊಂಡು ಹೊರಟಿದ್ದರು. ಕೊಟ್ರಮ್ಮ ಚಪ್ಪಲಿಯಿಲ್ಲದೆ ನಮ್ಮ ಅಡುಗೆಮನೆಗೆ ನುಗ್ಗಿದಳು. ಬಿಲ್ಕಿಸಳ ಮುಖ ನೋಡದೆ ಮೊಳೆಯಿಂದ ನನ್ನನ್ನು ಎತ್ತಿಕೊಂಡಳು. ಬಾಗಿಲ ಹೊರಗೆ ನಿಂತು ಗುಂಡಿ ಹುಡುಕಿ ಒತ್ತಿದಳು.

"ಕೇಳ್ರಿ ಎಲ್ಲಾರೂ. ಈ ಮೈಕು ಬಿಲ್ಕಿಸ್ ಕೊಂಡದ್ದು. ಕಂತಿಗೆ. ನಾನು ಅಲ್ಲೇ ಇದ್ದೆ. ಪುಕ್ಕಟೆ ಬಂದದ್ದಕ್ಕೆ ಯಾರಾದ್ರೂ ಮುಚ್ಚಿದ ಬಾಗಿಲಿಗೆ ಹೋಗಿ ಕಂತು ಕಟ್ತಾರೇನ್ರಿ? ಅವತ್ತು ನಾನು ಬಾಯಿ ಬಿಡಲಿಲ್ಲ. ಯಾಕಂದ್ರೆ ಆಸ್ಪತ್ರೆಗೆ ಅಂತ ಚಂದ್ರಣ್ಣ ಕೊಟ್ಟ ದುಡ್ಡು ನನ್ನ ಸೊಂಟದಾಗೆ ಇತ್ತು. ಬಾಯಿ ಬಿಟ್ರೆ ಅವನು ನನ್ನ..."

ಅಲ್ಲಿಗೆ ನನ್ನ ಬ್ಯಾಟರಿ ಸತ್ತಿತು. ಮೊಳೆಯ ಮೇಲೆ ತಿಂಗಳುಗಟ್ಟಲೆ ತೂಗಿದ್ದೆ, ಒಳಗೆಲ್ಲ ಸೋರಿ ತುಕ್ಕು ಹಿಡಿದಿತ್ತು. ಕೊಟ್ರಮ್ಮ ನನ್ನನ್ನು ಅಲ್ಲಾಡಿಸಿದಳು, ಬೆನ್ನಿಗೆ ಬಡಿದಳು. ನಾನು ಎಷ್ಟು ಪ್ರಯತ್ನಿಸಿದೆನೋ ನನಗೇ ಗೊತ್ತು. ಆಮೇಲೆ ಅವಳು ನನ್ನನ್ನು ಕೆಳಗಿಳಿಸಿ ಬರಿ ಬಾಯಲ್ಲಿ ಮಾತಾಡಿದಳು. ಭಟ್ಟಿಯ ಸದ್ದಿನಲ್ಲಿ ಏನೂ ಕೇಳುತ್ತಿರಲಿಲ್ಲ.

ಆಗ ಹೆಂಗಸರು ಹತ್ತಿರ ಬಂದರು. ಒಬ್ಬೊಬ್ಬರಾಗಿ ಜಗಲಿ ಇಳಿದು, ಕೈಯಲ್ಲಿದ್ದ ಜರಡಿ ಬಿಟ್ಟು, ಕೇಳಿಸುವಷ್ಟು ಹತ್ತಿರ. ಬಿಲ್ಕಿಸ್ ಎಲ್ಲರಿಗಿಂತ ಮುಂದೆ ಬಂದಳು. ಸಿಲಿಂಡರ್ ಉರುಳಿಸುತ್ತಿದ್ದ ಹುಡುಗರಿಗೆ ದಾರಿಯಿರಲಿಲ್ಲ. ಅವರು ಅದನ್ನು ಅಲ್ಲೇ ಬಿಟ್ಟು ಹೋದರು.

ಈಗಲೂ ಅದೇ ಮೊಳೆಯ ಮೇಲಿದ್ದೇನೆ. ನನ್ನ ಕಹಳೆಯೊಳಗೆ ಮಸಿ ಕೂತಿದೆ, ಹಸಿರು ಚೀಟಿ ಬಣ್ಣಗೆಟ್ಟು ಹಳದಿಯಾಗಿದೆ. ಹೊಸ ಬ್ಯಾಟರಿ ಯಾರೂ ತರಲಿಲ್ಲ, ನನಗೂ ಬೇಕೆನಿಸಿಲ್ಲ. ಸಂಜೆಯ ಹೊತ್ತು ಕೊಟ್ರಮ್ಮ ಬಂದು ಒಲೆಯ ಪಕ್ಕ ಕೂರುತ್ತಾಳೆ. ಇಬ್ಬರೂ ಮೆಲ್ಲಗೆ ಮಾತಾಡುತ್ತಾರೆ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವಷ್ಟೇ ಮೆಲ್ಲಗೆ. ನಾನು ಸುಮ್ಮನೆ ಕೇಳುತ್ತೇನೆ.