ರೊಟ್ಟಿಯ ಟೆಂಡರ್

ಹೊಸ ಖರೀದಿ ಕಾಯ್ದೆ ಬಂದ ಮೇಲೆ ಸಿಂದಗಿಯ ವಸತಿನಿಲಯವೊಂದಕ್ಕೆ ರೊಟ್ಟಿ ಕೊಳ್ಳುವ ಮೊದಲ ಟೆಂಡರ್ ಅಧಿಕಾರಿ ಮೃಣಾಲಿನಿಯ ಪಾಲಿಗೆ ಬಂತು. ಈಗ ಕಡಿಮೆ ದರವೊಂದನ್ನೇ ನೋಡುವಂತಿಲ್ಲ. ಸಮಿತಿ ರುಚಿ ನೋಡಿ ಅಂಕ ಕೊಡಬೇಕು. ಟೆಂಡರ್ ಹಾಕಿದ ಮೂವರು ತಂದ ರೊಟ್ಟಿಗಳನ್ನು ಹೆಸರಿಲ್ಲದ ತಟ್ಟೆಗಳಲ್ಲಿ ಇರಿಸಿ ಆಕೆ ಫೋನಿಗೆಂದು ಹೊರಗೆ ಹೋದಳು. ಬರುವಷ್ಟರಲ್ಲಿ ಸಮಿತಿಯವರು ಎಣ್ಣೆಗಾಯಿ ತರಿಸಿಕೊಂಡು ತಟ್ಟೆಗಳನ್ನೆಲ್ಲ ಬರಿದು ಮಾಡಿದ್ದರು. ಅಂಕದ ಹಾಳೆಯೂ ಬರಿದಾಗಿಯೇ ಇತ್ತು.

"ಯಾವ ರೊಟ್ಟಿ ಚಲೋ ಇತ್ರಿ?" ಎಂದು ಕೇಳಿದಳು.

"ಎಲ್ಲಾ ಚಲೋ ಇದ್ವು ನೋಡ್ರಿ," ಎಂದರು ಹಿರಿಯ ಸದಸ್ಯ ಸಿದ್ದಾರೂಢ, ಮೀಸೆ ಒರೆಸಿಕೊಳ್ಳುತ್ತ. "ಇನ್ನೊಮ್ಮೆ ತರಸ್ರಿ, ಈ ಸಲ ಬರಕೋತ ತಿಂತೇವಿ."

ಮೃಣಾಲಿನಿ ನಗು ತಡೆದುಕೊಂಡು ಬುಧವಾರ ಮತ್ತೆ ಪರೀಕ್ಷೆ ಇಟ್ಟಳು, ಎಲ್ಲರ ಊಟ ಮುಗಿದ ಮೇಲೆ. ಅಂದು ಸಮಿತಿ ತುತ್ತು ಮುರಿದು, ಬಹಳ ಯೋಚಿಸಿ ಅಂಕ ಹಾಕಿತು. ಟೆಂಡರ್ ಆ ಮೂವರಲ್ಲಿ ಒಬ್ಬಳಾದ ಮೋರಟಗಿಯ ಶಂಕ್ರೆವ್ವನಿಗೆ ಆಯಿತು.